ಕವಡೆಯ ಜಾಗದ ಗುಂಡಿ

ಮಾಪ್ಸಾ
೯ ನವೆಂಬರ್ ೨೦೨೫

ಪ್ರೀತಿಯ ತಂಗಿ ಮಂಗಿಗೆ,

ಅಕ್ಕ ಗೋಮಿಯ ನೆನಪುಗಳು. ದೀಪಾವಳಿಗೆ ಮೊದಲೇ ಬರೆಯಬೇಕೆಂದಿದ್ದೆ, ಆಗಲಿಲ್ಲ, ಬೈಯಬೇಡ. ಫೋನಂತೂ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ನಿಮ್ಮೂರು ಮೊಲೆಂನ ಪೋಸ್ಟ್‌ಮನ್ ನಿನ್ನ ಕೈಗೇ ಕೊಡುತ್ತಾನೆ.

ನಾನು ಈಗಲೂ ಫಿಲೊಮೆನಾಬಾಯಿಯವರ ಹಳೇ ಸಾಮಾನಿನ ಅಂಗಡಿಯಲ್ಲೇ ಇದ್ದೇನೆ. ಹಿತ್ತಾಳೆ ತಿಕ್ಕುತ್ತೇನೆ, ಹರಿದದ್ದು ಹೊಲಿಯುತ್ತೇನೆ, ಗಿರಾಕಿಗಳ ತಮಾಷೆ ನೋಡುತ್ತೇನೆ. ಒಬ್ಬ ಅಜ್ಜ ತಾನೇ ಮಾರಿದ ಗಡಿಯಾರಕ್ಕೆ ಪ್ರತಿ ಶುಕ್ರವಾರ ಬಂದು ಕೀಲಿ ಕೊಟ್ಟು ಹೋಗುತ್ತಾನೆ. ಮೊನ್ನೆ ಒಬ್ಬಳು ಮೇಡಂ ಹೊಸ ಕುರ್ಚಿ ತಂದು, ಇದನ್ನು ಹಳೇದು ಮಾಡಿಕೊಡುತ್ತೀರಾ ಎಂದಳು. "ನಮ್ಮ ಮನ್ಯಾಗ ಎರಡ ದಿನ ಇಡ್ರಿ, ನಮ್ಮ ಹುಡುಗ್ರು ಮಾಡಿ ಕೊಡ್ತಾರ" ಎಂದೆ.

ಇರಲಿ, ಖರೇ ಸುದ್ದಿ ಕೇಳು. ಅವ್ವನ ಕಾಂಚಳಿ ಸಿಕ್ಕಿತು! ಕನ್ನಡಿ, ಕವಡೆ ಹೊಲಿದ ಅದೇ ಮದುವೆಯ ರವಿಕೆ. ಬಾಯ್ನಾ ಕಡಲತೀರದ ನಮ್ಮ ಗುಡಿಸಲು ಕೆಡವಿದ ದಿನ ಕಳೆದದ್ದು. ನೀನೇ ಕಳೆದೆ ಎಂದು ಅವ್ವ ನಿನ್ನ ಜೊತೆ ಇಪ್ಪತ್ತೊಂದು ವರ್ಷ ನೆಟ್ಟಗೆ ಮಾತಾಡಲಿಲ್ಲವಲ್ಲ, ಅದೇ.

ಮಂಗಳವಾರ ಪುಣೆಯ ಸಾಹೇಬನೊಬ್ಬ ಅದನ್ನು ಮಾರಲು ತಂದ. ನೂರೈವತ್ತು ವರ್ಷದ್ದಂತೆ, ಯಾವುದೋ ರಾಣಿಯದಂತೆ! ಕವಡೆಗಳ ನಡುವಿನ ಹಿತ್ತಾಳೆ ಗುಂಡಿ ತೋರಿಸಿ, ಪೋರ್ಚುಗೀಸ ದಂಡಿನದು ಎಂದ. ನನಗೆ ನಗು ಬಂತು.

"ಸಾಹೇಬ್ರ, ಅದು ನಮ್ಮಪ್ಪನ ಬಂದರಿನ ಕೋಟಿನ ಗುಂಡಿ ರೀ. ಒಂದ ಕವಡಿ ಬಿದ್ದಿತ್ತು, ನಮ್ಮವ್ವ ಅಲ್ಲಿ ಇದನ್ನ ಹಚ್ಯಾಳ."

ಆತ ಸಿಟ್ಟಿನಿಂದ ಸರ್ಟಿಫಿಕೇಟು ತೆಗೆದ, ಅದರ ಮೇಲೆ ಮೂರು ಸಿಕ್ಕಾ ಒತ್ತಿದ್ದವು. ಫಿಲೊಮೆನಾಬಾಯಿ ಅದನ್ನು ಪಕ್ಕಕ್ಕೆ ಸರಿಸಿ, "ಗೋಮಿ, ತೂಂ ಸಾಂಗ" ಎಂದರು. ನೀನೇ ಹೇಳು ಎಂದರೆ ಬಿಡುತ್ತೇನೆಯೇ, ಹೇಳಿದೆ.

"ಅಸ್ತರ ಬಿಚ್ರಿ. ಎಡಗಡೆ ಹಳದಿ ಅರಿವಿ ತ್ಯಾಪಿ ಐತಿ, ಅದರ ಮ್ಯಾಲ ಕೆಂಪು ಹಣ್ಣು ಅದಾವ. ನಮ್ಮ ತಂಗಿ ಸಣ್ಣಾಕಿ ಇದ್ದಾಗಿನ ಫ್ರಾಕಿಂದು. ಹೊಲಿಗಿ ಎಲ್ಲಾ ಉಲ್ಟಾ ವಾಲ್ಯಾವ ನೋಡ್ರಿ, ನಮ್ಮವ್ವ ಎಡಚಿ."

ಬಿಚ್ಚಿದರು. ನಿನ್ನ ಫ್ರಾಕು, ಮಂಗಿ! ಹಣ್ಣುಗಳ ಬಣ್ಣ ಕೂಡ ಮಾಸಿರಲಿಲ್ಲ. ಸಾಹೇಬ ಸರ್ಟಿಫಿಕೇಟು ಮಡಚಿ ಜೇಬಿಗೆ ಹಾಕಿಕೊಂಡ. ಫಿಲೊಮೆನಾಬಾಯಿ ಅವನಿಗೆ ಒಂದು ಗೋಡೆ ಗಡಿಯಾರ (ಆ ಅಜ್ಜನದಲ್ಲ) ಬದಲಿ ಕೊಟ್ಟು ಕಳಿಸಿ, ಕಾಂಚಳಿಯನ್ನು ನನ್ನ ಮಡಿಲಿಗೆ ಹಾಕಿದರು. ಹಳೇ ಬಟ್ಟೆ ಯಾರೇ ತಂದರೂ ಈಗ "ಮೊದಲು ಗೋಮಿ ನೋಡಲಿ" ಎನ್ನುತ್ತಾರೆ. ನನ್ನ ಗತ್ತು ನೋಡಬೇಕಿತ್ತು ನೀನು!

ಅವ್ವನ ಕಣ್ಣು ಈಗ ಮಂಜು. ಮನೆಗೆ ತಂದು ಕೈಗೆ ಕೊಟ್ಟರೆ ಬೆರಳಿನಿಂದ ಸವರುತ್ತ ಹೋದಳು, ಗುಂಡಿ ಸಿಕ್ಕ ಕೂಡಲೇ "ನಿಮ್ಮಪ್ಪಂದು!" ಎಂದು ಕೂಗಿದಳು. ಓಣಿಯವರೆಲ್ಲ ಬಂದರು. ಚಹಾ ಮಾಡಿ ಮಾಡಿ ಸಕ್ಕರೆ ಖಾಲಿಯಾಯಿತು.

ನಿನ್ನ ಮಕ್ಕಳಿಗೆ ಮುತ್ತು. ನಮ್ಮ ಗುರು ಸೇವಾಲಾಲ ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಗೋಮಿಬಾಯಿ

ತಾ.ಕ.: ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಬುಲ್‌ಡೋಜರ್ ಬಂದಾಗ ಅವ್ವ ಕಾಂಚಳಿಯ ಪೆಟ್ಟಿಗೆ ಕೊಟ್ಟದ್ದು ನನ್ನ ಕೈಗೆ. ಅದನ್ನು ಮರಳಿನ ಮೇಲಿಟ್ಟು ನಾನು ಟೀವಿ ತರಲು ಓಡಿದೆ. ಬಂದು ನೋಡಿದರೆ ಪೆಟ್ಟಿಗೆ ಇಲ್ಲ. ಹೆದರಿ, ಮಂಗಿಗೆ ಕೊಟ್ಟಿದ್ದೆ ಎಂದುಬಿಟ್ಟೆ. ನೀನು ಎಷ್ಟು ಅತ್ತರೂ ಯಾರೂ ನಂಬಲಿಲ್ಲ. ನಿನಗೆ ಗೊತ್ತಿರುವುದೇ ಇದು, ಇವತ್ತು ನನ್ನ ಕೈಯಾರೆ ಬರೆದು ಕೊಡುತ್ತಿದ್ದೇನೆ. ನಿನ್ನೆ ಅವ್ವನಿಗೂ ಹೇಳಿದೆ. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, "ಮಂಗಿ ಬರೂತನಕಾ ನಿನ್ನ ಕೈಯಾನ ಚಾ ಕುಡಿಯಂಗಿಲ್ಲ" ಎಂದಳು. ಇವತ್ತೂ ಕುಡಿದಿಲ್ಲ. ಬಾ.