ಬೀರೋಬಾನ ಟಗರಿನ ಉಣ್ಣೆ

ಅಕ್ಕಲಕೋಟೆ
೧೯ ಡಿಸೆಂಬರ್ ೨೦೨೪

ಪ್ರೀತಿಯ ನೀಲಾ,

ಹೇಗಿದ್ದೀಯೇ? ಕಲಬುರಗಿಯ ಹೊಸ ಕಾಲೇಜು ಒಗ್ಗಿತೇ? ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ ಎಂದು ಸಿಟ್ಟಾಗಿರುತ್ತೀ. ಬೈದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಅದಕ್ಕಿಂತ ಬರೆಯುವುದೇ ವಾಸಿ. ದಿನವಿಡೀ ಮರಾಠಿಯಲ್ಲಿ ಪಾಠ, ಮರಾಠಿಯಲ್ಲಿ ಮೀಟಿಂಗು. ನಿನ್ನ ಹತ್ತಿರವಾದರೂ ಕನ್ನಡದಲ್ಲಿ ಗೋಳು ತೋಡಿಕೊಳ್ಳೋಣ ಎನಿಸಿತು.

ಮೊದಲೇ ಹೇಳಿಬಿಡುತ್ತೇನೆ: ಪ್ರಾಜಕ್ತಾ ಕಾಲೇಜು ಬಿಟ್ಟಳು. ನೆನಪಿದ್ದಾಳಲ್ಲ, ಕುರಿ ಸಾಕುವ ಕಾಮಣ್ಣಜ್ಜನ ಮೊಮ್ಮಗಳು? 'ಯಾಕ್ರಿ ಮ್ಯಾಡಮ್? ಹೆಂಗ್ರಿ ಮ್ಯಾಡಮ್?' ಎಂದು ನಿನ್ನ ತಲೆ ತಿನ್ನುತ್ತಿದ್ದವಳು. ಅವಳನ್ನು ಸೋಲಾಪುರದ ಲ್ಯಾಬ್ ಕೋರ್ಸಿಗೆ ಸೇರಿಸಿಯೇ ತೀರಬೇಕೆಂದು ನಾವಿಬ್ಬರೂ ಹಟ ಹಿಡಿದಿದ್ದೆವು. ಆ ಮಾತು ಮುಗಿಯಿತು.

ನಾವು ಕೂಡಿ ಬರೆದ 'ಉಣ್ಣೆ' ಮಾಡ್ಯೂಲನ್ನು ದೀಪಾವಳಿ ರಜೆಯ ನಂತರ ಶುರುಮಾಡಿದೆ. ಒಂದೇ ಕುರಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರೂ ಇವೆ, ಪುಸ್ತಕ ಬದಿಗಿಟ್ಟು ಕುರಿಯಿಂದಲೇ ಕಲಿಸೋಣ ಎಂದವಳು ನೀನೇ ಅಲ್ಲವೇ? ಎಷ್ಟು ಚೆಂದ ನಡೆಯಿತು ಗೊತ್ತೇನೇ! ಕಂಬಳಿ ಏಕೆ ಬೆಚ್ಚಗಿರುತ್ತದೆ ಎಂದು ಕೇಳಿದರೆ ಹಿಂದಿನ ಬೆಂಚಿನ ಸೋಮು ಕೂಡ ಕೈ ಎತ್ತಿದ. ಮನೆಯಿಂದ ಒಂದೊಂದು ಹಿಡಿ ಉಣ್ಣೆ ತನ್ನಿ ಎಂದೆ. ಉಣ್ಣೆಯನ್ನೂ ಹತ್ತಿಯ ನೂಲನ್ನೂ ಸುಟ್ಟು ವಾಸನೆ ನೋಡಿದೆವು, ಕಾಸ್ಟಿಕ್ ಸೋಡಾದಲ್ಲಿ ಕುದಿಸಿದೆವು. ಹತ್ತಿ ಹಾಗೇ ಉಳಿಯಿತು, ಉಣ್ಣೆ ಕರಗಿಹೋಯಿತು. ಪ್ರಾಜಕ್ತಾ ತಂದದ್ದು ಎಲ್ಲರದಕ್ಕಿಂತ ಉದ್ದ ಎಳೆಯ, ಕರ್ರಗಿನ ಉಣ್ಣೆ. ಸುಡಲು, ಕುದಿಸಲು ಅದನ್ನೇ ಆರಿಸಿಕೊಂಡೆ.

ಅದು ಅವರ ಕುಲದೇವರು ಬೀರೋಬಾನ ಹೆಸರಿಗೆ ಬಿಟ್ಟ ಟಗರಿನದು, ನೀಲಾ. ಅವರ ಮನೆಯಲ್ಲಿ ಆ ಟಗರಿಗೆ ಬೇರೆ ಯಾರೂ ಕತ್ತರಿ ಮುಟ್ಟಿಸುವುದಿಲ್ಲ. ದೇವರ ಪೂಜೆಯ ದಿನ ಅಜ್ಜನೇ ಕತ್ತರಿಸಬೇಕು, ಆ ಉಣ್ಣೆ ದೇವರ ಕಂಬಳಿಗೇ ಮೀಸಲು. ನನಗೇನು ಗೊತ್ತು? ಹುಡುಗಿಗೆ ಗೊತ್ತಿತ್ತು. ಆದರೂ ನಮ್ಮ ಪಾಠಕ್ಕೆ ಮನೆಯಲ್ಲಿರುವ ಒಳ್ಳೆಯದನ್ನೇ ಕೊಡಬೇಕೆಂದು, ಯಾರಿಗೂ ಹೇಳದೆ ಒಂದು ಹಿಡಿ ಕತ್ತರಿಸಿ ತಂದಿದ್ದಳು. ವಾರ ತುಂಬುವುದರೊಳಗೆ ಟಗರು ಜ್ವರ ಬಂದು, ಬಾಯಿ ಬಾತು ಸತ್ತಿತು. ಆಗ ಅವಳೇ ಮನೆಯಲ್ಲಿ ಎಲ್ಲ ಹೇಳಿಬಿಟ್ಟಳು.

ನೀಲಿ ನಾಲಿಗೆ ರೋಗ ಎಂದರು ದನದ ಡಾಕ್ಟರು. ಕಚ್ಚುವ ಸಣ್ಣ ನೊಣದಿಂದ ಬರುವಂಥದ್ದು. ಅಕ್ಕಪಕ್ಕದ ದೊಡ್ಡಿಗಳಲ್ಲೂ ಕುರಿ ಸತ್ತಿವೆ. ಯಾರು ಕೇಳಬೇಕು? ಪ್ರಾಜಕ್ತಾಳ ತಾಯಿ ಸಕ್ಕುಬಾಯಿ ಕಾಲೇಜಿನ ಗೇಟಿನಲ್ಲಿ ನಿಂತು, 'ದೇವರ ಉಣ್ಣಿ ಸುಟ್ರಿ, ಕುದಿಸಿದ್ರಿ! ಇದೇನ್ ಸಾಲಿನೋ ಸುಡುಗಾಡೋ?' ಎಂದಳು. ನಮ್ಮ ಪ್ರಿನ್ಸಿಪಾಲ್ ಯೋಗಿರಾಜ ಸರ್‌ಗೆ ಅಷ್ಟೇ ಬೇಕಾಗಿತ್ತು. 'ಛಾಯಾ ಮ್ಯಾಡಮ್, ಪುಸ್ತಕದಾಗ ಇದ್ದಷ್ಟು ಕಲಿಸ್ರಿ. ಈ ಕುರಿ-ಗಿರಿ ಸಾಕು ಮಾಡ್ರಿ,' ಎಂದರು. ನೀರು, ಜೋಳ, ಮಗ್ಗ, ನಾವು ಬರೆದ ಎಲ್ಲ ಮಾಡ್ಯೂಲುಗಳೂ ಈಗ ಬೀರುವಿನಲ್ಲಿವೆ, ಬೀಗದ ಕೈ ಅವರ ಹತ್ತಿರ. ಸೋಮು ಮತ್ತೆ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಾನೆ.

ಪ್ರಾಜಕ್ತಾಳಿಗೆ ದುಧನಿ ಕಡೆಯ ಗಂಡು ಗೊತ್ತಾಗಿದೆ. ಮನೆಯವರೇ ಕಾಲೇಜು ಬಿಡಿಸಿದರು ಎಂದು ಸ್ಟಾಫ್ ರೂಮಿನಲ್ಲಿ ಮಾತು. ನಾನೂ ಹೌದೆಂದು ತಲೆಯಾಡಿಸುತ್ತೇನೆ. ಹೊಸದೊಂದು ಮಾಡ್ಯೂಲ್ ಬರೆಯೋಣ ಎಂದು ನೀನು ಮೆಸೇಜು ಹಾಕಿದ್ದೆಯಲ್ಲ, ಬೇಡವೇ. ನನ್ನ ಕೈ ಸೋತಿದೆ.

ಚಳಿ ಜೋರಾಗಿದೆ, ನಿಮ್ಮ ಅವ್ವನ ಮಂಡಿಗೆ ಎಣ್ಣೆ ತಿಕ್ಕು. ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ಏನಾದರೂ ಕೇಳಿದರೆ ಬೇಸರಪಡದೆ ಹೇಳು. ದೇವರು ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ.

ನಿನ್ನ
ಛಾಯಾ

ತಾ.ಕ.: ಮನೆಯವರು ಬಿಡಿಸಿದ್ದಲ್ಲ ನೀಲಾ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಕಾಮಣ್ಣಜ್ಜ ನಮ್ಮ ಮನೆಗೆ ಬಂದಿದ್ದರು. 'ಅಕ್ಕೋರ, ಭಂಡಾರ ಹಾರಿಸಿ, ಚೂಕಾತು, ತಪ್ಪಾತು ಅಂತ ದೇವರಿಗೆ ನಾ ಬೇಡಿಕೊಂಡೀನ್ರಿ. ಅಂವ ಸಿಟ್ಟ ಹಿಡ್ಯಾಂವ ಅಲ್ಲ. ಪೋರಿ ತಾನ ಸಾಲಿ ಒಲ್ಲೆ ಅನ್ನಾಕತ್ತಾಳ. ನೀವು ಒಂದ್ ಮಾತ್ ಹೇಳ್ರಿ,' ಎಂದು ಕೈ ಮುಗಿದರು. ಅವರ ಹಿಂದೆಯೇ ಹೋದೆ. ರೋಗದ ವಿಷಯ ಹೇಳಲು ಶುರುಮಾಡಿದರೆ, ಅರ್ಧಕ್ಕೇ ತಡೆದು ಅವಳೇ ಪೂರ್ತಿ ಹೇಳಿದಳು: ಯಾವ ನೊಣ, ಎಷ್ಟು ದಿನಕ್ಕೆ ಜ್ವರ, ಕತ್ತರಿ ತಾಗುವ ಮೊದಲೇ ರೋಗ ಹತ್ತಿರಬೇಕು ಎಂಬುದನ್ನೂ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

'ಎಲ್ಲಾ ತಿಳಿತೈತ್ರಿ ಮ್ಯಾಡಮ್. ಲಗ್ನಕ್ಕ ನಾನ ಹೂಂ ಅಂದೀನಿ. ಆ ಟಗರು ಕತ್ತರಿ ಕಂಡು ಓಡ್ಲಿಲ್ರಿ. ನಂದ ಕೈ ಅಂತ ಸುಮ್ಕ ನಿಂತಿತ್ತು.'