ಈ ಸಲವೂ ಬಾರದ ಸೂಜಿಹಕ್ಕಿ

ಮನೆ, ಅಡುಗೆಮನೆಯ ಮೇಜು
ಏಪ್ರಿಲ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕುತ್ತಿಗೆ ನೋವು ಇಳಿಯಿತೇ? ಇಂಜಿನ್ನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯಬೇಡ, ಕುತ್ತಿಗೆಗೆ ಬಟ್ಟೆ ಸುತ್ತಿಕೋ ಎಂದು ನೂರು ಸಲ ಹೇಳಿದ್ದೇನೆ. ಅಷ್ಟುದ್ದದ ರೈಲು ಓಡಿಸುವವಳಿಗೆ ಅಮ್ಮನ ಮಾತು ಎಲ್ಲಿ ತಲೆಗೆ ಹೋಗಬೇಕು! ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೋ ಇಲ್ಲವೋ, ಅದನ್ನಾದರೂ ನಿಜ ಬರೆ. ನಾನು ಚೆನ್ನಾಗಿದ್ದೇನೆ ಎಂದು ನಾನೂ ಬರೆಯಬೇಕು, ಆದರೆ ಬೆಳಿಗ್ಗೆ ನಡೆದದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ, ಕೋಳಿ ಕೆದಕಿದ ಹಾಗಿದೆ. ಗಾಬರಿಯಾಗಬೇಡ, ಯಾರೂ ಆಸ್ಪತ್ರೆ ಸೇರಿಲ್ಲ. ಫೋನು ಮಾಡೋಣವೆಂದರೆ ಎರಡು ಮಾತಿಗೇ ಅಳು ಬರುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ನಿಧಾನವಾಗಿ, ಪೂರ್ತಿ ಓದು. ಅರ್ಧಕ್ಕೆ ನಿಲ್ಲಿಸಿ ಅಪ್ಪನನ್ನು ಬೈಯಬೇಡ.

ಮೊದಲು ನಿನ್ನ ಸಿಟ್ಟಿಗೇ ಬರುತ್ತೇನೆ. ಹೋದ ಚಳಿಗಾಲದಲ್ಲಿ ನೀನು ಮೊದಲ ಸಲ ಸ್ವಂತವಾಗಿ ಗಾಡಿ ಓಡಿಸುವ ವಾರ, ನಾನು ನಿನ್ನ ದೊಡ್ಡಮ್ಮನ ಮನೆಯಲ್ಲಿದ್ದೆ. ನೀನು ಮನೆಗೆ ಫೋನು ಮಾಡಿದೆ. ಎಲ್ಲರಿಗಿಂತ ಮೊದಲು ಅಪ್ಪನಿಗೇ ಹೇಳಬೇಕು ಎಂದು ಮಾಡಿದ್ದೆ. "ಅಪ್ಪಾ, ಗುರುವಾರ ಸಂಜೆ ನಾನೇ ಗಾಡಿ ಓಡಿಸ್ತೀನಿ, ನಮ್ಮ ಸ್ಟೇಷನ್ ಮೇಲೇ ಹೋಗತ್ತೆ, ನಿಲ್ಲಲ್ಲ, ನೀವು ಪ್ಲಾಟ್‌ಫಾರ್ಮಿಗೆ ಬಂದು ನಿಂತ್ಕೋತೀರಾ?" ಎಂದೆ. ಅವರು "ಆಯ್ತು ಆಯ್ತು" ಎಂದು ಫೋನು ಇಟ್ಟರು. ಗುರುವಾರ ನೀನು ಗಾಡಿಯ ವೇಗ ಇಳಿಸಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದರೆ ಕಸ ಗುಡಿಸುವವನೊಬ್ಬ, ಒಂದು ನಾಯಿ. ಅವತ್ತಿನಿಂದ ನೀನು ಮನೆಗೆ ಕಾಲಿಟ್ಟಿಲ್ಲ. "ನಿಮ್ಮ ಗಂಡನ ಜೊತೆ ನನಗೆ ಮಾತಿಲ್ಲ" ಎಂದು ಬರೆದೆ. ನಿಮ್ಮ ಗಂಡ! ಅದನ್ನು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರನ್ನು ಕೇಳಿದರೆ, "ಅವಳು ಯಾವಾಗ ಕರೆದ್ಲೇ? ನನ್ನನ್ನ ಯಾರೂ ಕರೆದಿಲ್ಲ" ಎಂದು ನನ್ನ ತಲೆ ಮುಟ್ಟಿ ಹೇಳುತ್ತಾರೆ. ಒಬ್ಬರು ಕರೆದೆ ಅನ್ನುತ್ತೀರಿ, ಇನ್ನೊಬ್ಬರು ಕರೆದಿಲ್ಲ ಅನ್ನುತ್ತೀರಿ. ನಾನು ನಿನ್ನ ಮಾತನ್ನೇ ನಂಬಿದೆ. ಕಟ್ಟಿಕೊಂಡ ಗಂಡನನ್ನು ಮುಖಕ್ಕೆ ಹೊಡೆದ ಹಾಗೆ ಸುಳ್ಳುಗಾರ ಎಂದು ಕರೆದು, ಅಪ್ಪನಿಗೆ ತಕ್ಕ ಮಗಳು, ಇಬ್ಬರೂ ಜಗಮೊಂಡರು ಎಂದು ಇಷ್ಟು ದಿನ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೆ.

ಈಗ ಇವತ್ತಿನ ಸುದ್ದಿ. ನಿಮ್ಮಪ್ಪನ ಹಕ್ಕಿಹುಚ್ಚು ನಿನಗೆ ಹೊಸದಲ್ಲ. ಚಿಗುರು ಬಂತೆಂದರೆ ಸಾಕು, ಭಾನುವಾರ ಗ್ಯಾರೇಜಿಗೆ ಬೀಗ, ಕುತ್ತಿಗೆಗೆ ದುರ್ಬೀನು, ನೀರಿನ ಟ್ಯಾಂಕಿನ ಹಿಂದಿನ ಕಾಡಿಗೆ ಸವಾರಿ. ಎಲ್ಲಿಂದಲೋ ಬಂದು ನಮ್ಮ ಕಾಡಿನಲ್ಲಿ ನಾಲ್ಕು ದಿನ ದಣಿವಾರಿಸಿಕೊಂಡು ಮತ್ತೆಲ್ಲಿಗೋ ಹೋಗುವ ಆ ಪುಟ್ಟ ಹಕ್ಕಿಗಳಲ್ಲಿ ಸೂಜಿಹಕ್ಕಿಯೆಂದರೆ ಅವರಿಗೆ ಪ್ರಾಣ. ಪುಸ್ತಕದಲ್ಲಿ ಅದಕ್ಕೆ ನಾಲಿಗೆ ಹೊರಳದ ಹೆಸರಿದೆಯಂತೆ. ದನಿ ಸೂಜಿಯಷ್ಟು ಸಣ್ಣಗಿದೆ ಎಂದು ಇವರೇ ಇಟ್ಟ ಹೆಸರು ಇದು. ಹೆಬ್ಬೆರಳಿನಷ್ಟು ಮೈ, ಎಲೆಯದೇ ಬಣ್ಣ. ಕಿವಿ ತೋರಿಸಿದ ಕಡೆ ಕಣ್ಣು ಹೋದರೆ ಮಾತ್ರ ಸಿಕ್ಕೀತು. ಹೋದ ವಸಂತ ಅದು ಬರಲಿಲ್ಲ ಎಂದು ಸಪ್ಪಗಾಗಿದ್ದರು. ಈ ವಸಂತವೂ ಬರಲಿಲ್ಲ. ತೋಟಗಳಿಗೆ ವಿಷ ಹೊಡೆದು ಹೊಡೆದು ಹುಳ ಸತ್ತವು, ಹಕ್ಕಿಯ ವಂಶವೇ ಹೋಯಿತು ಎಂದು ಊರಿಗೆಲ್ಲ ಶಾಪ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ನಿನ್ನೆ ಹಾಸಿಗೆ ಮಡಚುತ್ತಾ, "ನಾಳೆಯೂ ಬರಲಿಲ್ಲ ಅಂದ್ರೆ ಮುಗೀತು ಕಣೇ, ನಾನಿನ್ನು ಆ ಕಡೆ ತಲೆ ಹಾಕಲ್ಲ" ಎಂದರು. ಮಗಳೂ ಬರುವುದಿಲ್ಲ, ಹಕ್ಕಿಯೂ ಬರುವುದಿಲ್ಲ, ಈ ಮನುಷ್ಯ ಗೋಡೆ ನೋಡುತ್ತಾ ಕೂತುಬಿಟ್ಟರೆ ಏನು ಗತಿ ಎಂದು ನನಗೆ ಹೆದರಿಕೆಯಾಯಿತು. ನನಗೆ ಗೊತ್ತಿರುವುದು ಎರಡೇ ಜಾತಿಯ ಹಕ್ಕಿ, ಕಾಗೆ ಮತ್ತು ಕಾಗೆಯಲ್ಲದ್ದು. ಆದರೂ ಬೆಳಿಗ್ಗೆ ಬೂಟು ಹಾಕಿಕೊಂಡು ನಾನೂ ಬರುತ್ತೇನೆ ಎಂದು ಹೊರಟೆ. ಸೂರ್ಯ ಯಾವ ದಿಕ್ಕಿಗೆ ಹುಟ್ಟಿದ ಅನ್ನುವ ಹಾಗೆ ನನ್ನನ್ನೇ ನೋಡಿದರು.

ಅವರ ಜೊತೆ ಎಂದಿನಂತೆ ಬೇಕರಿಯವರು ಮತ್ತು ಲೈಬ್ರರಿ ಮೇಡಂ ಬಂದಿದ್ದರು. ನನ್ನನ್ನು ಕಂಡದ್ದೇ ಇಬ್ಬರ ಮುಖವೂ ಒಂಥರಾ ಆಯಿತು. ನಾನು ಅದಕ್ಕೆ ಬೇರೆ ಅರ್ಥ ಮಾಡಿಕೊಂಡೆ, ಗದ್ದಲದವಳು ಬಂದಳಲ್ಲ ಎಂದು ಬೇಸರವಿರಬೇಕು ಎಂದು. ಹಾದಿಯ ತಿರುವಿನಲ್ಲಿರುವ ದೊಡ್ಡ ಮರ ನಿನಗೆ ನೆನಪಿದೆಯಲ್ಲ, ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೊಂಬೆ ಜಗ್ಗುತ್ತಿದ್ದೆಯಲ್ಲ, ಅದೇ. ಮೈತುಂಬ ಹೊಸ ಎಲೆ. ನಿಮ್ಮಪ್ಪ ಅದರ ಕೆಳಗೆ ನಿಂತು, ಕತ್ತೆತ್ತಿ, ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ನನ್ನ ಕಿವಿಗೆ ಬಿತ್ತು ನೋಡು! ತೆಳ್ಳಗೆ, ಚೂಪಾಗಿ, ತೊಳೆದ ಗಾಜಿನ ಮೇಲೆ ಒದ್ದೆ ಬೆರಳು ಎಳೆದ ಹಾಗೆ. ಒಂದಲ್ಲ, ಮರದ ತುಂಬ. ಈ ಕೊಂಬೆಯಲ್ಲಿ ನಿಂತರೆ ಆ ಕೊಂಬೆಯಲ್ಲಿ ಶುರು. ನೋಡನೋಡುತ್ತಿದ್ದಂತೆ ನಿಮ್ಮಪ್ಪನ ತಲೆಯ ನೇರಕ್ಕೇ ಒಂದು ಹೆಬ್ಬೆರಳಿನಷ್ಟು ಹಸಿರು ಜೀವ ಬಂದು ಕೂತು, ಕೊಕ್ಕು ತೆರೆದು ಹಾಡತೊಡಗಿತು. ನನಗೇ ಸಿಕ್ಕಿಬಿಟ್ಟಿತಲ್ಲ ಎಂಬ ಸಂಭ್ರಮ, "ರೀ" ಎಂದು ಬಾಯಿ ತೆರೆದೆ. ಮುಂದಿನ ಮಾತು ಹೊರಡುವ ಮೊದಲೇ ಲೈಬ್ರರಿ ಮೇಡಂ ನನ್ನ ತೋಳು ಚಿವುಟಿದರು. ಈಗಲೂ ಕೆಂಪಗಿದೆ. ಬೇಕರಿಯವರು ತುಟಿಯ ಮೇಲೆ ಬೆರಳಿಟ್ಟು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು, ಕಣ್ಣು ಗುಡ್ಡೆ ಹೊರಗೆ ಬರುವಂತೆ.

ನಿಮ್ಮಪ್ಪ ಕಣ್ಣು ಬಿಟ್ಟರು. "ನೋಡಿದ್ಯಾ, ಎಷ್ಟು ನಿಶ್ಶಬ್ದ. ಒಂದು ಕಾಲದಲ್ಲಿ ಈ ಮರದ ಕೆಳಗೆ ನಮ್ಮ ಮಾತು ನಮಗೇ ಕೇಳಿಸ್ತಿರಲಿಲ್ಲ" ಎಂದರು. ಬೇಕರಿಯವರು ನೆಲ ನೋಡಿಕೊಂಡು, "ಹೌದಣ್ಣ, ನಮಗೂ ಏನೂ ಕೇಳಿಸ್ತಿಲ್ಲ" ಎಂದರು. ಲೈಬ್ರರಿ ಮೇಡಂ, "ಈ ಸಲವೂ ಇಲ್ಲ" ಎಂದರು. ನಿಮ್ಮಪ್ಪನ ತಲೆಯ ಮೇಲೆಯೇ ಅದು ಗಂಟಲು ಹರಿಯುವಂತೆ ಹಾಡುತ್ತಿದೆ, ಮಗಳೇ! ನನಗೇ ಹುಚ್ಚು ಹಿಡಿಯಿತೋ, ಇವರಿಗೆಲ್ಲ ಹಿಡಿದಿದೆಯೋ ತಿಳಿಯಲಿಲ್ಲ. ನಿಮ್ಮಪ್ಪ ದುರ್ಬೀನನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ಮುಂದೆ ನಡೆದರು.

ಕಾಡಿನ ಬಾಗಿಲಲ್ಲಿ ನಲ್ಲಿಯಿದೆಯಲ್ಲ, ಅವರು ಅಲ್ಲಿ ಬೂಟು ತೊಳೆಯುವಾಗ ನಾನು ಬೇಕರಿಯವರನ್ನು ಪಕ್ಕಕ್ಕೆ ಎಳೆದೆ. ಹೋದ ವಸಂತವೇ ಅವರಿಗೆ ಗೊತ್ತಾಗಿತ್ತಂತೆ. ಹಕ್ಕಿ ಎಂದಿನಂತೆ ಬಂದಿದೆ, ಅಣ್ಣ ಮಾತ್ರ ಬಂದಿಲ್ಲ ಬಂದಿಲ್ಲ ಎನ್ನುತ್ತಿದ್ದಾರೆ. ಮೊದಲು ತಮಾಷೆ ಅಂದುಕೊಂಡರಂತೆ. ಆಮೇಲೆ ಮುಖ ನೋಡಿದರಂತೆ. "ಅತ್ತಿಗೆ, ನನ್ನನ್ನ ಈ ಕಾಡಿಗೆ ಕರ್ಕೊಂಡು ಬಂದಿದ್ದೇ ಅಣ್ಣ. ಆ ದನಿ ನನ್ನ ಕಿವಿಗೆ ಹಾಕಿದ್ದೇ ಅಣ್ಣ. ನಿಮಗೆ ಕಿವಿ ಹೋಗಿದೆ ಅಂತ ಅವರಿಗೆ ನಾನು ಹೇಳೋದಾ? ನಾಲಿಗೆ ಏಳಲಿಲ್ಲ." ಅವತ್ತು ಒಂದು ಸಲ ನಮಗೂ ಕೇಳಿಸುತ್ತಿಲ್ಲ ಎಂದರಂತೆ, ಆಮೇಲೆ ಅದನ್ನೇ ಹೇಳಿಕೊಂಡು ಬರಬೇಕಾಯಿತಂತೆ. ನನಗೆ ಮೈ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ದೊಡ್ಡ ಮನುಷ್ಯರೆಲ್ಲ ಸೇರಿ ಒಬ್ಬ ಮುದುಕನನ್ನು ಮಂಗ ಮಾಡಿದಿರಲ್ಲ ಎಂದೆ. ಪಾಪ, ಆ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ.

ಆದರೂ ನಾನು ನಂಬಲಿಲ್ಲ. ಹೇಗೆ ನಂಬಲಿ ನೀನೇ ಹೇಳು. ಬೀದಿಯ ತಿರುವಿನಲ್ಲಿ ಲಾರಿ ಇರುವಾಗಲೇ ಅದರ ಯಾವ ಸಿಲಿಂಡರ್ ಸತ್ತಿದೆ ಎಂದು ಹೇಳುವ ಮೆಕ್ಯಾನಿಕ್ಕು ನಿಮ್ಮಪ್ಪ! ಅಂಥ ಕಿವಿಗೆ ಏನಾದೀತು? ಮನೆಗೆ ಬಂದು ಅವರು ಪೇಪರ್ ಹಿಡಿದು ಕೂತರು. ನಾನು ಒಲೆಯ ಮೇಲೆ ಕೆಟಲ್ ಇಟ್ಟು, ಬೇಕೆಂದೇ ಬಿಟ್ಟೆ. ಅದು ಕಿರ್ರೋ ಎಂದು ಸಿಳ್ಳೆ ಹಾಕತೊಡಗಿತು. ಪಕ್ಕದ ಮನೆಯವಳು ಗೋಡೆ ಬಡಿದಳು. ಇವರು ಹಾಳೆ ಮಗುಚಿದರು. ಕುರ್ಚಿಯ ಹಿಂದೆ ಹೋಗಿ ನಿಂತು, ನಿನ್ನ ಸಣ್ಣ ದನಿಯ ಹಾಗೆ "ಅಪ್ಪಾ" ಎಂದೆ. ಇನ್ನೊಮ್ಮೆ "ಅಪ್ಪಾ" ಎಂದೆ. ಮಿಸುಕಲಿಲ್ಲ. ಅಷ್ಟರಲ್ಲಿ ಹೊರಗೆ ಯಾವುದೋ ಟೆಂಪೋ ಹೋಯಿತು. ತಲೆಯೆತ್ತಿ, "ಗೇರ್ ಬಾಕ್ಸ್ ಹೋಗ್ತಾ ಇದೆ, ಪುಣ್ಯಾತ್ಮನಿಗೆ ಗೊತ್ತೇ ಇಲ್ಲ" ಎಂದರು. ನಾನು ಹೋಗಿ ಒಲೆ ಆರಿಸಿದೆ. ದಪ್ಪ ಸದ್ದೆಲ್ಲ ಇದೆ, ತೆಳ್ಳನೆಯ ಚೂಪು ಸದ್ದು ಮಾತ್ರ ಅವರಿಂದ ಹೊರಟುಹೋಗಿದೆ. ಜೀವಮಾನವಿಡೀ ತಗಡು ಬಡಿಯುವ ಸದ್ದು ತಿಂದ ಕಿವಿ.

ನಿನ್ನ ಫೋನಿನ ವಿಷಯ ನನಗೆ ಹೊಳೆದದ್ದು ಆಗ. ನಿನ್ನದೋ ಮೊದಲೇ ಗುಬ್ಬಿ ದನಿ. ಅವರು ಫೋನಿನಲ್ಲಿ ಎಲ್ಲರಿಗೂ "ಆಯ್ತು ಆಯ್ತು" ಎನ್ನುತ್ತಾರೆ. ಅದನ್ನು ನಾನು ಸೋಮಾರಿತನ ಅಂದುಕೊಂಡಿದ್ದೆ. ಈಗಿನವರು ಬಾಯಲ್ಲಿ ಹಿಟ್ಟು ತುಂಬಿಕೊಂಡು ಮಾತಾಡುತ್ತಾರೆ, ಲೈನೇ ಸರಿಯಿಲ್ಲ ಎಂದು ಅವರು ಗೊಣಗುತ್ತಿದ್ದುದನ್ನು ನೆಪ ಅಂದುಕೊಂಡಿದ್ದೆ. ಅವರಿಗೇ ತಮ್ಮ ಕಿವಿಯ ಸುದ್ದಿ ಗೊತ್ತಿಲ್ಲ ಕಣೇ. ಲೋಕವೇ ದನಿ ಇಳಿಸಿದೆ ಎಂದು ತಿಳಿದಿದ್ದಾರೆ. ನೀನು ಕರೆದದ್ದೂ ನಿಜ, ಅವರಿಗೆ ಯಾರೂ ಕರೆಯದಿದ್ದದ್ದೂ ನಿಜ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಅವರಿಗೆ ಕೇಳಿಸೀತು ಎಂದು ಬಾಗಿಲು ಹಾಕಿಕೊಂಡು ಮೂಗು ಸೀನುತ್ತಿದ್ದೇನೆ. ಕೇಳಿಸೀತಂತೆ, ನೋಡು ನನ್ನ ಬುದ್ಧಿ!

ಈಗ ಹೇಳುವುದೋ, ಬಿಡುವುದೋ? ಹೇಳಿದರೆ ಕಿವಿಯ ಮೇಲೇ ಬದುಕಿದ ಮನುಷ್ಯನಿಗೆ ನಿಮ್ಮ ಕಿವಿ ಹೋಯಿತು ಎನ್ನಬೇಕು. ಹೇಳದಿದ್ದರೆ ಮಗಳ ಕಣ್ಣಲ್ಲಿ ಅವರು ಮಾತಿಗೆ ತಪ್ಪಿದವರಾಗಿಯೇ ಉಳಿಯುತ್ತಾರೆ, ಅವರ ಕಣ್ಣಲ್ಲಿ ನೀನು ಸುಳ್ಳಿ. ನನಗೆ ದಾರಿ ಕಾಣುತ್ತಿಲ್ಲ. ನೀನು ಅವರ ಜೊತೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವಳು. ಅವರ ಮನಸ್ಸು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಯೋಚಿಸಿ ಬರೆ. ಸಿಟ್ಟನ್ನು ಮಾತ್ರ ಇವತ್ತೇ ಕೆಳಗಿಡು, ತಾಯಿ.

ನಿನ್ನ ಹಳಿ ನೇರವಾಗಿರಲಿ, ಹೋದಲ್ಲೆಲ್ಲ ಸಿಗ್ನಲ್ಲು ಹಸಿರಾಗಿರಲಿ. ನೂರು ಕಾಲ ಚೆನ್ನಾಗಿರು. ಬೇಕರಿಯವರು ನಿನ್ನನ್ನು ಕೇಳಿದರು ಎಂದು ತಿಳಿಸು ಅಂದಿದ್ದರು. ಅವರ ಮೇಲೆ ನನಗೆ ಸಿಟ್ಟಿದೆ, ಆದರೂ ತಿಳಿಸಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ತಡಿ, ಎಲ್ಲ ತಲೆಕೆಳಗಾಯಿತು. ನಿಮ್ಮಪ್ಪ ಅಡುಗೆಮನೆಗೆ ಬಂದು ದುರ್ಬೀನಿನ ಚೀಲವನ್ನು ಮೇಜಿನ ಮೇಲಿಟ್ಟು, "ಇದನ್ನ ಯಾರಿಗಾದ್ರೂ ಕೊಟ್ಟುಬಿಡು" ಎಂದರು. ನನ್ನಿಂದ ತಡೆಯಲಾಗಲಿಲ್ಲ. ಎದುರಿಗೆ ನಿಂತು, ದನಿ ದಪ್ಪ ಮಾಡಿಕೊಂಡು, ಮರ, ಹಕ್ಕಿ, ಕೆಟಲ್ಲು, ನಿನ್ನ ಫೋನು, ಎಲ್ಲ ಹೇಳಿಬಿಟ್ಟೆ. ಕೂಗಾಡುತ್ತಾರೆ ಅಂದುಕೊಂಡೆ. ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ಹಾಗಾದ್ರೆ ಬಂದಿದೆಯಾ?" ಕಿವಿಯ ಮಾತೇ ಇಲ್ಲ! ಮರದ ತುಂಬ ಇದ್ದಾವೆ ಎಂದೆ. "ಸತ್ತಿಲ್ಲ ಹಾಗಾದ್ರೆ, ಸತ್ತಿಲ್ಲ" ಎಂದು ಮೇಜಿನ ಮೇಲೆ ತಲೆಯಿಟ್ಟು ಅತ್ತರು, ಅಳುತ್ತಲೇ ನಕ್ಕರು. ಕಣ್ಣೊರೆಸಿಕೊಂಡು, "ಅವಳೂ ಕರೆದಿದ್ಲು ಅನ್ನು" ಎಂದರು. ಈಗ ಹಿತ್ತಲಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ. ನಿನ್ನ ಗಾಡಿ ಈಗಲೂ ಗುರುವಾರ ಸಂಜೆಯೇ ಇಲ್ಲಿ ಹಾಯುತ್ತದಲ್ಲ, ಅವತ್ತು ಪ್ಲಾಟ್‌ಫಾರ್ಮಿಗೆ ಬರುತ್ತಾರಂತೆ, ಈ ಗುರುವಾರದೊಳಗೆ ಕಾಗದ ನಿನಗೆ ತಲುಪದಿದ್ದರೆ ಮುಂದಿನ ಗುರುವಾರವೂ ಬರುತ್ತಾರಂತೆ. ನೀನು ಕಿಟಕಿಯಿಂದ ಅಪ್ಪಾ ಎಂದು ಕೂಗಬೇಡ ಮಗಳೇ, ಅದು ಅವರಿಗೆ ತಲುಪುವುದಿಲ್ಲ. ಹಾರ್ನ್ ಹೊಡಿ. ಸ್ಟೇಷನ್ ದಾಟುವವರೆಗೂ ಉದ್ದಕ್ಕೆ ಹೊಡಿ. ಅದು ಅವರಿಗೆ ಕೇಳಿಸುತ್ತದೆ.