ಮಂಜೂರಾತಿ ಪತ್ರಕ್ಕೆ ಕುಂಕುಮ ಹಚ್ಚಿದವಳ ದೂರು

ಹೊಗೆರಹಿತ ವಾಹನ ಸಹಾಯಧನ ಯೋಜನೆಯ ಜಿಲ್ಲಾ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಬೇಕಿತ್ತು. ಹತ್ತು ತಿಂಗಳಲ್ಲಿ ನಿಮಗೆ ಬರೆದ ಏಳು ಅರ್ಜಿಗಳನ್ನು ಹಾಗೆಯೇ ಶುರು ಮಾಡಿದ್ದೆ. ಏಳಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ಎಂಟನೆಯದನ್ನು ಊರೆದುರೇ ಬರೆಯುತ್ತಿದ್ದೇನೆ. ಮಾನ್ಯತೆಯನ್ನು ಉತ್ತರ ಬಂದ ಮೇಲೆ ಸೇರಿಸುತ್ತೇನೆ. ನನ್ನ ದೂರು ಇಷ್ಟು: ನೀವು ಹೇಳಿದಿರೆಂದು ನನ್ನ ಗಂಡ ತಮ್ಮ ಮೂರು ಗಾಲಿಯ ಡೀಸೆಲ್ ಟಂಟಂ ಗಾಡಿಯನ್ನು ಗುಜರಿಗೆ ಹಾಕಿದರು. ಬದಲಿಗೆ ಬ್ಯಾಟರಿ ಗಾಡಿ ಕೊಳ್ಳಲು ನೀವು ಕೊಡುತ್ತೇವೆಂದ ಅರವತ್ತು ಸಾವಿರ ರೂಪಾಯಿ ಇವತ್ತಿನವರೆಗೆ ಬಂದಿಲ್ಲ. ಆದರೆ ಆ ಅರವತ್ತು ಸಾವಿರವನ್ನು ಕೊಡದೆ ಇರುವುದಕ್ಕಾಗಿಯೇ ನೀವು ಮೂವತ್ತೆಂಟು ಸಾವಿರ ಖರ್ಚು ಮಾಡಿದ್ದೀರಿ. ಇದು ಕೋಪದಲ್ಲಿ ನಾನು ಕಟ್ಟಿದ ಲೆಕ್ಕವಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ನಿಮ್ಮ ಕಚೇರಿಯೇ ಸಹಿ ಮಾಡಿ ಕೊಟ್ಟದ್ದು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಶಲವಡಿಯ ರೋಹಿಣಿ, ಬಿ.ಎ. ಓದಿದ್ದೇನೆ, ಮನೆಯಲ್ಲಿ ಹೊಲಿಗೆ ಯಂತ್ರ ಮೆಟ್ಟುತ್ತೇನೆ. ನನ್ನ ಗಂಡ ಗೌರೀಶ ಹದಿಮೂರು ವರ್ಷ ಶಲವಡಿ–ಅಣ್ಣಿಗೇರಿ ನಡುವೆ ಟಂಟಂ ಹೊಡೆದವರು. ಬೆಳಿಗ್ಗೆ ಹನಮವ್ವ ಮತ್ತು ಅವಳ ಜೊತೆಯ ಹತ್ತು ಹೆಣ್ಣುಮಕ್ಕಳನ್ನು ಮೆಣಸಿನಕಾಯಿ, ಹತ್ತಿ ಬಿಡಿಸಲು ದೂರದ ಹೊಲಗಳಿಗೆ ಮುಟ್ಟಿಸಿ, ಆಮೇಲೆ ಅಣ್ಣಿಗೇರಿಯ ಸ್ಟ್ಯಾಂಡಿನಲ್ಲಿ ಪಾಳಿಗೆ ನಿಲ್ಲುತ್ತಿದ್ದರು. ಆ ಗಾಡಿ ಹೊಗೆ ಉಗುಳುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಹಿಂದಿನ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಿಮ್ಮ ಜಾಗೃತಿ ರಥ ನಮ್ಮೂರಿಗೆ ಬಂದು ಶುದ್ಧ ಗಾಳಿಯ ಬಗ್ಗೆ ಹಾಡು ಹಾಕಿದಾಗ ನಿಜಕ್ಕೂ ಮನಸ್ಸು ಕರಗಿದ್ದು ನನ್ನದೇ. ಅರ್ಜಿ ತುಂಬಿದವಳೂ ನಾನೇ. ನಿಮ್ಮ ಆ ರಥ ಡೀಸೆಲ್ಲಿನದು ಎಂಬುದನ್ನು ಆಗ ನಾನು ಗಮನಿಸಲಿಲ್ಲ.

ನಿಮ್ಮ ನಿಯಮದಂತೆ ಹಳೆಯ ಗಾಡಿ ಗುಜರಿಗೆ ಹೋದ ಚೀಟಿ ಮೊದಲು, ಮಂಜೂರಾತಿ ಪತ್ರ ಆಮೇಲೆ. ಅಂದರೆ ಇರುವ ಮನೆ ಕೆಡವಿದರೆ ಮಾತ್ರ ಹೊಸ ಮನೆಯ ಮಾತು. ಅದಕ್ಕೂ ಒಪ್ಪಿದೆವು. ಹೋದ ವರ್ಷ ಶ್ರಾವಣದಲ್ಲಿ ಗಾಡಿ ಗುಜರಿಗೆ ಹೋಯಿತು, ಮಹಾನವಮಿಗೆ ನಾಲ್ಕು ದಿನ ಮೊದಲು ಪತ್ರ ಬಂತು. ಉಳಿದ ಹಣಕ್ಕೆ ಬ್ಯಾಂಕಿನವರು ಸಾಲ ಒಪ್ಪಿದ್ದರು. ನಿಮ್ಮ ಪಾಲು ಜಮಾ ಆದ ದಿನವೇ ತಮ್ಮ ಪಾಲು ಎಂದಿದ್ದರು. ಎಲ್ಲ ಸರಿಯಾಗಿತ್ತು. ಕೆಡಿಸಿದವಳು ನಾನು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಓಣಿಯ ಗಾಡಿಗಳೆಲ್ಲ ಮೈ ತೊಳೆದುಕೊಂಡು ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿದ್ದವು. ನಮ್ಮ ಬಾಗಿಲಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗ ಖಾಲಿ. ಗೌರೀಶ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು, "ಈ ವರ್ಷ ಯಾವುದಕ್ಕ ಪೂಜಿ ಮಾಡೂದು?" ಅಂದರು. ನಗುತ್ತಲೇ ಅಂದರು. ಒಳಗಿನಿಂದ ಅತ್ತೆ ರೇವವ್ವ ಕೂಗಿ ಹೇಳಿದರು: "ಗಾಡಿ ಬರೂ ಕಾಗದ ಐತೆಲ್ಲೋ, ಅದಕ್ಕ ಮಾಡು. ಅದೂ ಗಾಡೀನ ಅಲ್ಲೇನು?"

ಪತ್ರವನ್ನು ಮಣೆಯ ಮೇಲೆ ಇಟ್ಟೆವು. ಮುಂದೆ ನಿಂಬೆಹಣ್ಣು, ಮೇಲೆ ಹೂವು. ಗಾಡಿಯ ಮುಂಗಾಜಿಗೆ ಹಚ್ಚುವಂತೆ ವಿಭೂತಿ ಹಚ್ಚಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡಬೇಕು. ಎಲ್ಲಿ ಇಡುವುದು? ಪತ್ರದ ನೆತ್ತಿಯಲ್ಲಿ, ಸರಿಯಾಗಿ ನಡುವೆ, ನೀವೊಂದು ಕಪ್ಪು ಚೌಕ ಅಚ್ಚು ಹಾಕಿಸಿದ್ದೀರಿ. ಅದೇ ಹಣೆ ಎನ್ನಿಸಿತು ನನಗೆ. ಕ್ಯೂಆರ್ ಕೋಡ್ ಗೊತ್ತಿಲ್ಲದವಳೇನಲ್ಲ ನಾನು. ಕಿರಾಣಿ ಅಂಗಡಿಯವರು ದುಡ್ಡು ಹಾಕಿಸಿಕೊಳ್ಳುವ ಚೌಕಕ್ಕೂ ಕುಂಕುಮ ಹಚ್ಚಿರುತ್ತಾರೆ, ಅದು ಪಾಪ ಹಾಗೆಯೇ ಓದಿಕೊಳ್ಳುತ್ತದೆ. ನಾನು ಭಕ್ತಿಯಿಂದ ದಪ್ಪಗೆ ಹಚ್ಚಿದೆ. ಮರುದಿನ ಬನ್ನಿ ಕೊಡಲು ಬಂದ ಹನಮವ್ವನೂ ಪತ್ರಕ್ಕೆ ಕೈಮುಗಿದು, "ಲಗೂ ಗಾಡಿ ಬರಲಿ, ಬಂಗಾರದಂಗ ಇರೂಣು" ಎಂದು ಹೋದಳು.

ಹದಿನೈದು ದಿನದ ಮೇಲೆ ನಿಮ್ಮ ಕಚೇರಿಗೆ ಬಂದೆವು. ಗುಮಾಸ್ತರು ಪತ್ರವನ್ನು ಯಂತ್ರದ ಕೆಳಗೆ ಹಿಡಿದರು, ತಿರುಗಿಸಿದರು, ಅಂಗಿಯ ತೋಳಿನಿಂದ ಒರೆಸಿದರು.

"ಅಕ್ಕಾರ, ಇದು ಸ್ಕ್ಯಾನ್ ಆಗವಲ್ದು. ಏನ್ ಹಚ್ಚೀರಿ ಇದಕ್ಕ?"

"ಕುಂಕುಮ ರೀ."

"ಸರಕಾರಿ ಕಾಗದಕ್ಕ ಕುಂಕುಮ ಯಾಕ ಹಚ್ಚಿದ್ರಿ?"

"ಖಂಡೆ ಪೂಜಿ ಇತ್ರಿ. ಗಾಡಿ ಇರಲಿಲ್ಲ, ನೀವಽ ಗುಜರಿಗೆ ಹಾಕಸಿದ್ರಿ."

ಚೌಕದ ಕೆಳಗೆ ಹದಿನಾಲ್ಕು ಅಂಕಿಗಳ ಸಂಖ್ಯೆ ಇದೆ. ಅದಕ್ಕೆ ಒಂದು ಹನಿ ಎಣ್ಣೆಯೂ ತಾಗಿಲ್ಲ, ಕನ್ನಡಕವಿಲ್ಲದೆ ನಮ್ಮತ್ತೆಯೂ ಓದುತ್ತಾರೆ. ಅದನ್ನು ಟೈಪ್ ಮಾಡಿಕೊಳ್ಳಿ ಎಂದೆ. ಗುಮಾಸ್ತರು ಒಳ್ಳೆಯವರು, ಮುಖ ಸಣ್ಣ ಮಾಡಿಕೊಂಡು ಹೇಳಿದರು: "ನಂಬರ ಕಾಣಸ್ತೈತ್ರಿ. ಆದ್ರ ಟೈಪ್ ಮಾಡಾಕ ಇದರಾಗ ಖಾನೇನ ಇಲ್ರಿ. ಆ ಖಾನೆ ಹಾಕಸಬೇಕಂದ್ರ ಕಂಪನಿಗೆ ಬರೀಬೇಕು." ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಂಡದ್ದನ್ನು ಈಗ ಹೇಳುತ್ತೇನೆ. ನನ್ನ ಕುಂಕುಮವನ್ನು ಒಪ್ಪದ ಆ ಯಂತ್ರದ ಮೈಮೇಲೆಯೇ ಕುಂಕುಮದ ಬೊಟ್ಟು ಇತ್ತು, ಪಕ್ಕದಲ್ಲಿ ಒಣಗಿದ ಚೆಂಡುಹೂವು. ನಿಮ್ಮ ಕಚೇರಿಯಲ್ಲೂ ಖಂಡೆ ಪೂಜೆ ಆಗಿತ್ತು. ನಿಮ್ಮದು ಸಂಸ್ಕೃತಿ, ನಮ್ಮದು ದಾಖಲೆಯನ್ನು ವಿರೂಪಗೊಳಿಸಿದ ಅಪರಾಧ, ಅಲ್ಲವೇ?

ಅಪರಾಧ ಎಂಬುದು ನನ್ನ ಮಾತಲ್ಲ. "ಫಲಾನುಭವಿಯು ಮೂಲ ಪತ್ರವನ್ನು ವಿರೂಪಗೊಳಿಸಿದ್ದು ಉದ್ದೇಶಪೂರ್ವಕವೇ ಎಂಬ ಬಗ್ಗೆ ಸ್ಥಳ ಪರಿಶೀಲನೆ" ಎಂದು ನಿಮ್ಮ ಕಡತದಲ್ಲಿದೆ. ಪರಿಶೀಲನೆಗೆ ಮೂರು ಜನ, ಮೂರು ಸಲ, ಬಾಡಿಗೆಯ ಡೀಸೆಲ್ ಕಾರಿನಲ್ಲಿ ಶಲವಡಿಗೆ ಬಂದರು. ಮೊದಲ ಸಲ ಪತ್ರದ ಫೋಟೊ ತೆಗೆದರು. ಎರಡನೆಯ ಸಲ ದೇವರ ಜಗಲಿಯ ಫೋಟೊ ತೆಗೆದರು. ಮೂರನೆಯ ಸಲ ಕುಂಕುಮದ ಡಬ್ಬಿಯ ಫೋಟೊ ತೆಗೆದರು. ಮೂರು ಸಲವೂ ಅತ್ತೆ ಚಹಾ, ಚುರುಮುರಿ ಕೊಟ್ಟರು. ಮೂರು ಸಲದ ಬಾಡಿಗೆ ಹದಿನಾರು ಸಾವಿರದ ಇನ್ನೂರು. ಪತ್ರ ಅಸಲಿಯೇ ಎಂದು ತಜ್ಞರೊಬ್ಬರ ಅಭಿಪ್ರಾಯಕ್ಕೆ ಹನ್ನೆರಡು ಸಾವಿರ. ಆ ಅಭಿಪ್ರಾಯದ ಮೇಲೆ ಚರ್ಚಿಸಿದ ಸಭೆಗೆ ಒಂಬತ್ತು ಸಾವಿರದ ಎಂಟುನೂರು. ಇದೇ ಆ ಮೂವತ್ತೆಂಟು ಸಾವಿರ. ತಜ್ಞರು ಪತ್ರ ಅಸಲಿ ಎಂದರು. ಸಭೆ ಒಪ್ಪಿತು. ಒಪ್ಪಿ, ಯಂತ್ರ ಓದದ ಕಾರಣ ಪತ್ರ "ಕಳೆದುಹೋಗಿದೆ" ಎಂದು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ನಕಲು ಪ್ರತಿಗೆ ಅರ್ಜಿ ಹಾಕುವಂತೆ ನನಗೆ ಸೂಚಿಸಿತು. ಕೈಯಲ್ಲಿ ಹಿಡಿದುಕೊಂಡಿರುವ ಪತ್ರ ಕಳೆದುಹೋಗಿದೆ ಎಂದು ಠಾಣೆಯಲ್ಲಿ ಸುಳ್ಳು ಬರೆದುಕೊಡಬೇಕಂತೆ! ಬರೆದುಕೊಡಲಿಲ್ಲ. ಕುಂಕುಮ ಹಚ್ಚಿದ್ದು ನನ್ನ ತಪ್ಪು, ಸುಳ್ಳು ಹೇಳುವುದು ನನ್ನ ಚಟವಲ್ಲ.

ನನ್ನ ಒಂದು ಪತ್ರಕ್ಕೇ ಇಷ್ಟಾದರೆ ಇಡೀ ಯೋಜನೆಗೆ ಎಷ್ಟು ಎಂದು ಕುತೂಹಲವಾಯಿತು. ಮಾಹಿತಿ ಹಕ್ಕಿನಲ್ಲಿ ಮತ್ತೆ ಅರ್ಜಿ ಹಾಕಿದೆ. ಎರಡು ವರ್ಷದಲ್ಲಿ ನಿಮ್ಮ ಕೈಗೆ ಬಂದದ್ದು ತೊಂಬತ್ತಾರು ಲಕ್ಷ. ನೆರವು ಸಿಕ್ಕ ಗಾಡಿಗಳು ಹದಿನಾಲ್ಕು, ಅವುಗಳಿಗೆ ಹೋದ ದುಡ್ಡು ಎಂಟು ಲಕ್ಷ ನಲವತ್ತು ಸಾವಿರ. ಉಳಿದದ್ದು? ಸಲಹಾ ಸಂಸ್ಥೆಗೆ ಮೂವತ್ತೊಂದು ಲಕ್ಷ, ಟೈಪ್ ಮಾಡಲು ಖಾನೆ ಇಲ್ಲದ ಆ ವೆಬ್‌ಸೈಟಿಗೆ ಹದಿನೆಂಟು, ಜಾಗೃತಿಗೆ ಹದಿನಾಲ್ಕು, ಪರಿಶೀಲನಾ ಕಾರುಗಳ ಬಾಡಿಗೆಗೆ ಹನ್ನೊಂದು, ಮೇಲ್ವಿಚಾರಣೆಗೆ ಏಳು, ಸಭೆಗಳಿಗೆ ಆರು ಲಕ್ಷ ಅರವತ್ತು ಸಾವಿರ. ಜಾಗೃತಿಯ ಪಟ್ಟಿಯೊಳಗೆ "ಆಯುಧ ಪೂಜೆ, ರೂ. 7,850" ಎಂಬುದೂ ಇದೆ, ಆ ಯಂತ್ರದ ಕುಂಕುಮ ನಮ್ಮ ತೆರಿಗೆಯದು. ಒಂದು ಗಾಡಿಗೆ ಅರವತ್ತು ಸಾವಿರ ಹಂಚಲು ಆರು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಮೇಲೆ ಖರ್ಚು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಕೇಳಿದ್ದೆ. ಇಲ್ಲಿ ಮೂಗನ್ನೇ ಕೊಯ್ದು ಮೂಗುತಿಗೆ ಡಬ್ಬಿ ಮಾಡಿಸಿದ್ದೀರಿ. ಇನ್ನು ಆ ಖಾನೆಯ ಸಮಾಚಾರ: ಹದಿನಾಲ್ಕು ಅಂಕಿ ತುಂಬುವ ಒಂದು ಖಾನೆ ಸೇರಿಸಲು ಕಂಪನಿ ಎರಡು ಲಕ್ಷ ನಲವತ್ತು ಸಾವಿರದ ದರಪಟ್ಟಿ ಕಳಿಸಿದೆ, ಅದು ನಿಮ್ಮ "ಪರಿಗಣನೆಯಲ್ಲಿ" ಇದೆ. ಅದೇ ದುಡ್ಡಿನಲ್ಲಿ ನಾಲ್ಕು ಜನರಿಗೆ ನೆರವು ಕೊಡಬಹುದಿತ್ತು ಎಂದು ನಿಮ್ಮ ಮೂವತ್ತೊಂದು ಲಕ್ಷದ ಸಲಹೆಗಾರರಲ್ಲಿ ಒಬ್ಬರೂ ಹೇಳಲಿಲ್ಲವೇ?

ನನ್ನ ಹೊಟ್ಟೆಯೊಳಗೆ ಬೆಂಕಿ ಹಚ್ಚಿದ್ದು ಇದಾವುದೂ ಅಲ್ಲ. ನಿಮ್ಮ ವಾರ್ಷಿಕ ವರದಿಯ ಹದಿನೇಳನೆಯ ಪುಟ. ಅಲ್ಲಿ "ರಸ್ತೆಯಿಂದ ತೆಗೆದ ಮಾಲಿನ್ಯಕಾರಕ ವಾಹನಗಳು" ಎಂಬ ಪಟ್ಟಿಯಲ್ಲಿ ನಮ್ಮ ಗಾಡಿಯ ನೋಂದಣಿ ಸಂಖ್ಯೆ ಇದೆ, ಅದರ ಎದುರು ಅದರಿಂದ ತಪ್ಪಿದ ಹೊಗೆಯ ಪ್ರಮಾಣ ಇದೆ. ಹೌದು, ನಮ್ಮ ಮನೆಯಿಂದ ಈಗ ಹೊಗೆ ಬರುವುದಿಲ್ಲ. ಇಲ್ಲದ ಗಾಡಿ ಹೊಗೆ ಬಿಡುವುದುಂಟೇ? ಹನಮವ್ವನೂ ಅವಳ ಹತ್ತು ಜನರೂ ಈಗ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಹೊಲಕ್ಕೆ ಹೋಗುತ್ತಾರೆ. ಆ ಟ್ರ್ಯಾಕ್ಟರಿನ ಹೊಗೆಯನ್ನು ಯಾವ ಪುಟದಲ್ಲಿ ಬರೆದಿದ್ದೀರಿ? ಮೊನ್ನೆ ರವಿಕೆ ಒಯ್ಯಲು ಬಂದ ಹನಮವ್ವ ಹೊಸ್ತಿಲ ಮೇಲೆ ಕುಸಿದು ಕೂತಳು: "ಯವ್ವಾ ರೋಹಿಣಿ, ನಿಂತು ಹೋಗಿ ಮಣಕಾಲ ನಡಗತಾವ. ಹೊಲಾ ಮುಟ್ಟೂದ್ರಾಗ ಅರ್ಧ ಜೀವ ಹೋಗಿರತೈತಿ. ಸರಕಾರದಾವ್ರು ಗಾಡಿ ನುಂಗಿ ನೀರ ಕುಡದ್ರೇನು?" ಅರ್ಜಿ ತುಂಬಿದ ಕೈ ನನ್ನದು, ಕುಂಕುಮ ಹಚ್ಚಿದ ಕೈಯೂ ನನ್ನದು.

ಈಗ ಆತುರಕ್ಕೆ ಕಾರಣ ಹೇಳುತ್ತೇನೆ. ಅಣ್ಣಿಗೇರಿಯ ಟಂಟಂ ಸ್ಟ್ಯಾಂಡಿಗೂ ಒಂದು ಆಡಳಿತವಿದೆ. ಖಂಡೆ ಪೂಜೆಯ ದಿನ ಗಾಡಿಗಳೆಲ್ಲ ಪಾಳಿಯ ಪ್ರಕಾರ ಸಾಲಾಗಿ ನಿಲ್ಲಬೇಕು. ಒಂದು ಪೂಜೆಗೆ ಗಾಡಿ ಇಲ್ಲದಿದ್ದರೆ ನಡೆಯುತ್ತದೆ, ಎರಡನೆಯ ಪೂಜೆಗೂ ಇಲ್ಲದಿದ್ದರೆ ಪಾಳಿ ಹೋಯಿತು, ಕಾಯುತ್ತಿರುವ ಮುಂದಿನವನಿಗೆ ಅದು ಸೇರಿತು. ಗೌರೀಶರದು ಒಂಬತ್ತನೆಯ ಪಾಳಿ, ಹದಿಮೂರು ವರ್ಷದ್ದು. ಒಮ್ಮೆ ಕಳೆದುಕೊಂಡರೆ ಮತ್ತೆ ಬಾಲದಿಂದ ಶುರು, ಬಾಲದಲ್ಲಿ ಈಗ ಇಪ್ಪತ್ತೆರಡು ಜನ ಕಾಯುತ್ತಿದ್ದಾರೆ. ಪಾಳಿಯ ನೋಟುಬುಕ್ಕು ಇಟ್ಟುಕೊಂಡಿರುವ ಸಾಧಿಕ್ ನನ್ನ ಗಂಡನ ಜೀವದ ಗೆಳೆಯ. ವಾರಕ್ಕೆರಡು ದಿನ ತನ್ನ ಗಾಡಿಯನ್ನೇ ಕೊಟ್ಟು ನಮ್ಮ ಒಲೆ ಉರಿಸುತ್ತಿರುವವನು. ಅವನ ಬಳಿ ಹೋಗಿ ಈ ಒಂದು ವರ್ಷ ನಿಯಮ ಬಿಟ್ಟುಬಿಡು ಎಂದು ಕೇಳಿದೆ. ಅವನ ಕಣ್ಣು ತುಂಬಿತು.

"ವೈನಿ, ನನ್ನ ಗಾಡಿ ಬೇಕಂದ್ರ ಇವತ್ತಽ ಒಯ್ರಿ. ಪಾಳಿ ಮಾತ್ರ ಕೇಳಬ್ಯಾಡ್ರಿ. ಹ್ವಾದ ವರ್ಷ ನನ್ನ ಸ್ವಂತ ತಮ್ಮಂದ ತಗದೀನಿ. ನಿಯಮ ಎಲ್ಲಾರಿಗೂ ಒಂದಽ."

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಗೌರವ ಬಂತು. ನೂರು ಪುಟದ ಒಂದು ನೋಟುಬುಕ್ಕು, ಒಂದು ಪೆನ್ನು. ಸಲಹೆಗಾರರಿಲ್ಲ, ಮೇಲ್ವಿಚಾರಣೆ ಇಲ್ಲ. ಆದರೂ ಯಾರ ಪಾಳಿ ಯಾವುದು ಎಂಬ ಬಗ್ಗೆ ಆ ಸ್ಟ್ಯಾಂಡಿನಲ್ಲಿ ಒಂದು ದಿನವೂ ಜಗಳವಾದದ್ದು ನಾನು ಕೇಳಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಿಮ್ಮಲ್ಲಿ ದೇವರ ಪಾಲನ್ನು ಗರ್ಭಗುಡಿಯ ಬಾಗಿಲಲ್ಲೇ ಹಂಚಿಕೊಂಡು ಮುಗಿಸಿದ್ದೀರಿ, ಭಕ್ತನಿಗೆ ರಸೀದಿ ಕೊಟ್ಟಿದ್ದೀರಿ, ಆ ರಸೀದಿಯನ್ನೂ ಓದಲಾರೆವು ಎನ್ನುತ್ತಿದ್ದೀರಿ. ನನ್ನ ಗಂಡ ಇವತ್ತಿಗೂ ಬೆಳಿಗ್ಗೆ ಎದ್ದು ಗಾಡಿಯ ಗಾಜು ಒರೆಸುವ ಬಟ್ಟೆಯನ್ನು ಹಿಂಡಿ ಬಾಗಿಲ ಮೇಲೆ ಒಣಹಾಕುತ್ತಾರೆ. ಒರೆಸಲು ಗಾಜಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ನಿಮ್ಮ ಮೇಲೆ ಬರುವ ಸಿಟ್ಟನ್ನು ಬರೆಯುವ ಭಾಷೆ ನಾನು ಕಲಿತ ಬಿ.ಎ.ಯಲ್ಲಿ ಇರಲಿಲ್ಲ.

ನನ್ನ ಬೇಡಿಕೆ ಒಂದೇ. ಖಂಡೆ ಪೂಜೆಗೆ ಇನ್ನು ಐದು ವಾರವಿದೆ. ಆ ಚೌಕದ ಕೆಳಗಿನ ಹದಿನಾಲ್ಕು ಅಂಕಿಗಳನ್ನು ನಿಮ್ಮಲ್ಲಿ ಯಾರಾದರೂ ಒಬ್ಬರು ಕಣ್ಣಿನಿಂದ ಓದಿ, ಕೈಯಿಂದ ಬರೆದು, ನೀವು ಸಹಿ ಹಾಕಿ ಬ್ಯಾಂಕಿಗೆ ಕಳಿಸಿ. ಓದುವವರು ಸಿಗದಿದ್ದರೆ ನಾನೇ ಬಂದು ಓದಿ ಹೇಳುತ್ತೇನೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಮಗೆ ಖರ್ಚು ಬೀಳುವುದಿಲ್ಲ.

ಆಗದಿದ್ದರೆ ಅದನ್ನೂ ಹೇಳಿಬಿಡಿ. ಖಂಡೆ ಪೂಜೆಯ ದಿನ ನಿಮ್ಮ ಕಚೇರಿಯ ಅಂಗಳದಲ್ಲಿ ಬಾಡಿಗೆಯ ಡೀಸೆಲ್ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸುತ್ತೀರಲ್ಲ, ಆ ಸಾಲಿನ ಕೊನೆಯಲ್ಲಿ ನನ್ನ ಗಂಡ ಬಂದು ನಿಲ್ಲುತ್ತಾರೆ. ಸ್ಟ್ಯಾಂಡಿನ ಸಾಲಿನಲ್ಲಿ ಜಾಗ ಹೋದ ಮನುಷ್ಯ ಆ ದಿನ ಇನ್ನೆಲ್ಲಿ ನಿಲ್ಲಬೇಕು? ಹೊಗೆ ಬಿಡುವುದಿಲ್ಲ, ಯಾರಿಗೂ ತೊಂದರೆ ಮಾಡುವುದಿಲ್ಲ. ನಿಮ್ಮ ಪೂಜಾರಿ ಒಂದೊಂದೇ ಕಾರಿಗೆ ಕುಂಕುಮ ಹಚ್ಚುತ್ತಾ ಬಂದಾಗ ಅವರಿಗೂ ಹಚ್ಚಲಿ. ಪಕ್ಕದಲ್ಲಿ ನಾನಿರುತ್ತೇನೆ. ಹಣೆ ಯಾವುದು ಎಂದು ನಾನೇ ತೋರಿಸುತ್ತೇನೆ, ಈ ಸಲ ತಪ್ಪುವುದಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ದಾಖಲೆ ವಿರೂಪಗೊಳಿಸಿದವಳು,
ನಮ್ಮತ್ತೆಯ ಪ್ರಕಾರ ಗಾಡಿಗೆ ಪೂಜೆ ಮಾಡಿದವಳು,
ರೋಹಿಣಿ ಗೌರೀಶ
ಶಲವಡಿ, ಅಣ್ಣಿಗೇರಿ ತಾಲ್ಲೂಕು